ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಕಿನಿಂದ ಕ್ಯಾಮೆರಾದ ಕಡೆಗೆ

ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುವವರು ಸಿನಿಮಾ, ವೆಬ್ ಸರಣಿಗಳ ನಟನೆಗೆ ಬರುವ ಬಗ್ಗೆ ಕಳೆದ ಕೆಲವು ವಾರಗಳಲ್ಲಿ ಬಂದ ಪತ್ರಗಳಿಂದ ಐದನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ. ಉದ್ದದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ವಾರದ ಕೊನೆಯಲ್ಲಿ ಕನ್ನಡ ಸ್ಟ್ಯಾಂಡ್‌ಅಪ್ ಮಾಡುತ್ತಿದ್ದೇನೆ. ನನ್ನ ಶೋ ನೋಡಿದ ನಿರ್ದೇಶಕರೊಬ್ಬರು ತಮ್ಮ ಸಿನಿಮಾದಲ್ಲಿ ನಾಯಕನ ಗೆಳೆಯನ ಪಾತ್ರ ಕೊಟ್ಟರು. ಆದರೆ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದ ನನ್ನ ಧಾಟಿ ಶೂಟಿಂಗ್‌ನಲ್ಲಿ ಸಪ್ಪೆಯಾಯಿತು. "ಸ್ವಲ್ಪ ಕಡಿಮೆ ಮಾಡಿ" ಎಂದು ಅವರು ಮತ್ತೆ ಮತ್ತೆ ಹೇಳಬೇಕಾಯಿತು. ಒಂದೊಂದು ಟೇಕ್‌ನಲ್ಲಿ ಒಂದೊಂದು ರೀತಿ ಮಾಡುತ್ತೇನೆ ಎಂಬ ದೂರೂ ಬಂತು. ಎರಡೂ ಕಡೆ ನಗಿಸುವುದೇ ಕೆಲಸವಾದರೂ ಇಷ್ಟೊಂದು ವ್ಯತ್ಯಾಸವೇಕೆ? ನಾನು ಎಲ್ಲಿಂದ ಸರಿಪಡಿಸಿಕೊಳ್ಳಬೇಕು?
ಒಬ್ಬ ಓದುಗ, ಬೆಂಗಳೂರು

ಉತ್ತರ: ಸ್ಟ್ಯಾಂಡ್‌ಅಪ್ ಕಲಾವಿದ ವೇದಿಕೆಯ ಮೇಲೆ ಒಂಟಿಯಾಗಿ ನಿಂತಿದ್ದಾನೆ ಎಂದು ನೋಡುವವರಿಗೆ ಅನಿಸಬಹುದು, ಆದರೆ ಅಲ್ಲಿ ಅವನ ಜೊತೆ ಇನ್ನೊಬ್ಬ ಪಾತ್ರಧಾರಿ ಸದಾ ಇರುತ್ತಾನೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಆ ಪಾತ್ರಧಾರಿ ಪ್ರೇಕ್ಷಕ. ನೀವು ಒಂದು ಮಾತನ್ನು ಬಿಡುತ್ತೀರಿ, ಅವನು ನಗುತ್ತಾನೆ, ಆ ನಗು ಏರಿ ಇಳಿಯತೊಡಗುವ ಹೊತ್ತಿಗೆ ಸರಿಯಾಗಿ ನೀವು ಮುಂದಿನ ಮಾತನ್ನು ಎತ್ತಿಕೊಳ್ಳುತ್ತೀರಿ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು, ಯಾವುದನ್ನು ಇವತ್ತು ಬಿಟ್ಟುಬಿಡಬೇಕು ಎಂಬುದನ್ನೆಲ್ಲ ನಿಮಗೆ ಹೇಳುತ್ತಿದ್ದುದು ಆ ನಗು. ಇಷ್ಟು ವರ್ಷಗಳಲ್ಲಿ ನಿಮ್ಮ ಕಿವಿ ಪಳಗಿರುವುದು ಅದಕ್ಕೆ. ಶೂಟಿಂಗ್ ಸ್ಥಳದಲ್ಲಿ ಅದೊಂದೇ ಇರುವುದಿಲ್ಲ. ಮುದ್ರಣವಾಗುತ್ತಿರುವ ಧ್ವನಿ ಕೆಡಬಾರದೆಂದು ಲೈಟ್ ಹಿಡಿದವರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆ ಮೌನವನ್ನು ನಿಮ್ಮ ಮನಸ್ಸು ಸೋಲು ಎಂದು ತಿಳಿದುಕೊಳ್ಳುತ್ತದೆ, ನಗು ಬರಲಿಲ್ಲವೆಂದು ದನಿ ಏರಿಸುತ್ತದೆ, ಕೈ ಬೀಸುತ್ತದೆ, ಹುಬ್ಬು ಹಾರಿಸುತ್ತದೆ. ನಿರ್ದೇಶಕರು "ಕಡಿಮೆ ಮಾಡಿ" ಎಂದದ್ದು ಬಹುಶಃ ಇದನ್ನೇ.

ಹಾಗಾದರೆ ಕಿವಿಯನ್ನು ಯಾರ ಕಡೆ ತಿರುಗಿಸಬೇಕು? ಎದುರಿಗಿರುವ ನಟನ ಕಡೆ. ಸ್ಟ್ಯಾಂಡ್‌ಅಪ್‌ನಿಂದ ಬಂದವರಲ್ಲಿ ನಾನು ಹೆಚ್ಚಾಗಿ ಕಂಡಿರುವ ತೊಡಕು ಇದು: ಎದುರಿನವರು ಮಾತನಾಡುತ್ತಿರುವಾಗ ಇವರು ಕೇಳುತ್ತಿರುವುದಿಲ್ಲ, ತಮ್ಮ ಸರದಿಗಾಗಿ ಕಾಯುತ್ತಿರುತ್ತಾರೆ. ವೇದಿಕೆಯಲ್ಲಿ ಎಲ್ಲ ಪಾತ್ರಗಳನ್ನೂ ತಾವೇ ಆಡಿ ರೂಢಿಯಾದವರಿಗೆ, ಅಪ್ಪನ ದನಿಯಲ್ಲಿ ತಾವೇ ಬೈದು ಮಗನ ದನಿಯಲ್ಲಿ ತಾವೇ ಉತ್ತರ ಕೊಟ್ಟವರಿಗೆ, ಇನ್ನೊಬ್ಬರ ಮಾತು ನಿಜವಾಗಿ ಕಿವಿಗೆ ಬಿದ್ದು ಮುಖದಲ್ಲಿ ಬದಲಾವಣೆ ತರುವ ಅಭ್ಯಾಸ ಇರುವುದಿಲ್ಲ. ಕ್ಯಾಮೆರಾಕ್ಕೆ ಬೇಕಾದದ್ದು ಆ ಬದಲಾವಣೆ. ಸಿನಿಮಾದಲ್ಲಿ ಹಾಸ್ಯದ ಮಾತು ಹೇಳಿದವನ ಮುಖಕ್ಕಿಂತ ಅದನ್ನು ಕೇಳಿಸಿಕೊಂಡವನ ಮುಖವೇ ಹೆಚ್ಚು ನಗಿಸುವ ಸಂದರ್ಭಗಳು ಎಷ್ಟೋ. ಸಂಕಲನಕಾರರು ಆ ಮುಖಕ್ಕಾಗಿ ಹುಡುಕುತ್ತಾರೆ, ಅದು ಸಿಗದಿದ್ದರೆ ದೃಶ್ಯ ಎಷ್ಟು ಚೆನ್ನಾಗಿ ಬರೆದಿದ್ದರೂ ನಿಲ್ಲುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅಮೆರಿಕದ ರಾಬಿನ್ ವಿಲಿಯಮ್ಸ್. ಅವರು ಸ್ಯಾನ್ ಫ್ರಾನ್ಸಿಸ್ಕೊದ ಸಣ್ಣ ಕ್ಲಬ್ಬುಗಳಲ್ಲಿ ಬೆಳೆದ ಸ್ಟ್ಯಾಂಡ್‌ಅಪ್ ಕಲಾವಿದರು. ಒಂದು ನಿಮಿಷದೊಳಗೆ ಹತ್ತು ದನಿ ಬದಲಾಯಿಸುವಷ್ಟು ವೇಗ ಅವರದು. 1978ರಲ್ಲಿ ಶುರುವಾದ ‘ಮಾರ್ಕ್ ಅಂಡ್ ಮಿಂಡಿ’ ಎಂಬ ಟೆಲಿವಿಷನ್ ಧಾರಾವಾಹಿ ಅವರನ್ನು ಮನೆಮಾತಾಗಿಸಿತು. ಆ ಧಾರಾವಾಹಿಯ ಚಿತ್ರೀಕರಣ ಸ್ಟುಡಿಯೊದಲ್ಲಿ ಕೂತ ಪ್ರೇಕ್ಷಕರ ಎದುರೇ ನಡೆಯುತ್ತಿತ್ತು, ಆದ್ದರಿಂದ ಅಲ್ಲಿ ಅವರ ಹಳೆಯ ಜೊತೆಗಾರ, ಅಂದರೆ ನಗು, ಇನ್ನೂ ಇದ್ದ. 1987ರ ‘ಗುಡ್ ಮಾರ್ನಿಂಗ್ ವಿಯೆಟ್ನಾಂ’ ಚಿತ್ರದಲ್ಲಿ ಅವರು ರೇಡಿಯೊ ನಿರೂಪಕನಾಗಿ ಮೈಕಿನ ಮುಂದೆ ಕೂತು ಆಡುವ ಮಾತುಗಳಲ್ಲಿ ಹೆಚ್ಚಿನವು ಅಲ್ಲಿಯೇ ಹೊಳೆದವು. ಅಂದರೆ ಆ ಪಾತ್ರವೇ ಅವರ ವೇದಿಕೆಯ ಶಕ್ತಿಗೆ ಜಾಗ ಮಾಡಿಕೊಟ್ಟಿತ್ತು. ಆದರೆ ಅವರಿಗೆ ಆಸ್ಕರ್ ತಂದುಕೊಟ್ಟದ್ದು 1997ರ ‘ಗುಡ್ ವಿಲ್ ಹಂಟಿಂಗ್’. ಅದರಲ್ಲಿ ಬಾಸ್ಟನ್ ನಗರದ ಉದ್ಯಾನವೊಂದರ ಬೆಂಚಿನ ಮೇಲೆ ಕೂತು ಅವರು ಮ್ಯಾಟ್ ಡೇಮನ್ ಪಾತ್ರದ ಹುಡುಗನೊಡನೆ ಮಾತನಾಡುವ ದೃಶ್ಯವನ್ನು ದಯವಿಟ್ಟು ನೋಡಿ, ಒಮ್ಮೆ ಮಾತು ಕೇಳುತ್ತ, ಇನ್ನೊಮ್ಮೆ ಶಬ್ದ ನಿಲ್ಲಿಸಿ. ಮೈಕೆಲೆಂಜೆಲೊನ ಬಗ್ಗೆ ನೀನು ಪುಸ್ತಕದಿಂದ ಎಲ್ಲವನ್ನೂ ಹೇಳಬಲ್ಲೆ, ಆದರೆ ಸಿಸ್ಟೀನ್ ಚಾಪೆಲ್ಲಿನೊಳಗೆ ನಿಂತರೆ ಎಂಥ ವಾಸನೆ ಬರುತ್ತದೆ ಎಂಬುದನ್ನು ಹೇಳಲಾರೆ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಕೈ ಬಹುತೇಕ ಅಲುಗುವುದಿಲ್ಲ, ದನಿ ಏರುವುದಿಲ್ಲ, ಪಕ್ಕದಲ್ಲಿ ಕೂತ ಹುಡುಗನ ಮೇಲಿಂದ ಗಮನ ಆಚೀಚೆ ಹೋಗುವುದಿಲ್ಲ. ಸಾವಿರಾರು ಜನರನ್ನು ಒಂದೇ ಉಸಿರಿನಲ್ಲಿ ನಗಿಸಬಲ್ಲ ಮನುಷ್ಯ ಒಬ್ಬನೇ ಒಬ್ಬ ಕೇಳುಗನಿಗಾಗಿ ಮಾತನಾಡಿದಾಗ ಹೇಗಿರುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಇದು ತಾನಾಗಿ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಹೆಸರು ಮಾಡುವ ಮುಂಚೆಯೇ, 1973ರಿಂದ ಅವರು ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ನಟನೆಯನ್ನು ಶಾಸ್ತ್ರೋಕ್ತವಾಗಿ ಕಲಿತಿದ್ದರು.

ಇನ್ನು ಎರಡನೆಯ ದೂರು. ಪ್ರತಿ ಶೋನಲ್ಲಿ ಮಾತನ್ನು ಒಂದಿಷ್ಟು ತಿದ್ದುವುದು ಸ್ಟ್ಯಾಂಡ್‌ಅಪ್‌ನ ಜೀವಾಳ. ಆ ದಿನದ ಪತ್ರಿಕೆಯ ಸುದ್ದಿಯನ್ನು ಅಂದಿನ ಸಂಜೆಯ ಸಂಭಾಷಣೆಗೆ ತಂದು ಸೇರಿಸುವ ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳನ್ನು ನೋಡಿದ ನಮ್ಮ ಹಿರಿಯರಿಗೆ ಇದರ ಸೊಗಸು ಗೊತ್ತು. ಸಿನಿಮಾದಲ್ಲಿ ಒಂದೇ ದೃಶ್ಯವನ್ನು ಮೊದಲು ದೂರದಿಂದ, ಆಮೇಲೆ ಎದುರಿನವರ ಭುಜದ ಹಿಂದಿನಿಂದ, ಕೊನೆಗೆ ಮುಖದ ಹತ್ತಿರದಿಂದ ಹೀಗೆ ಹಲವು ಸಲ ತೆಗೆಯುತ್ತಾರೆ. ದೂರದ ಶಾಟ್‌ನಲ್ಲಿ "ಅಲ್ಲಪ್ಪಾ" ಎನ್ನುವಾಗ ಕಾಫಿ ಲೋಟ ಎತ್ತಿದ್ದವರು ಹತ್ತಿರದ ಶಾಟ್‌ನಲ್ಲಿ "ಅಲ್ಲಪ್ಪಾ" ಎಂದ ಮೇಲೆ ಎತ್ತಿದರೆ ಆ ಎರಡನ್ನು ಜೋಡಿಸಲು ಆಗುವುದಿಲ್ಲ. ಸಂಕಲನಕಾರರು ನಿಮ್ಮ ಒಳ್ಳೆಯ ಟೇಕನ್ನು ಪಕ್ಕಕ್ಕಿಟ್ಟು ಹೊಂದುವ ಟೇಕನ್ನು ಬಳಸಬೇಕಾಗುತ್ತದೆ, ಇಲ್ಲವೇ ನಿಮ್ಮನ್ನು ಬಿಟ್ಟು ನಾಯಕನ ಮುಖ ತೋರಿಸಬೇಕಾಗುತ್ತದೆ. ಆದ್ದರಿಂದ ಹೊಸ ಮಾತು ಹೊಳೆದರೆ ರಿಹರ್ಸಲ್ ಹೊತ್ತಿನಲ್ಲಿ ನಿರ್ದೇಶಕರಿಗೆ ಹೇಳಿ. ಅವರು ಒಪ್ಪಿದರೆ ಅದನ್ನು ಎಲ್ಲ ಶಾಟ್‌ಗಳಲ್ಲೂ ಅದೇ ಜಾಗದಲ್ಲಿ, ಅದೇ ಕೈಯಲ್ಲಿ ಮಾಡಿ. ಕೆಲವು ನಿರ್ದೇಶಕರು ಎಲ್ಲ ಮುಗಿದ ಮೇಲೆ ಒಂದು ಟೇಕನ್ನು ನಿಮ್ಮ ಇಷ್ಟಕ್ಕೆ ಬಿಡುತ್ತಾರೆ. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಕನ್ನಡದಲ್ಲಿ ಇನ್ನೊಂದು ಹಂತವಿದೆ, ಡಬ್ಬಿಂಗ್. ನಮ್ಮ ಬಹಳಷ್ಟು ಚಿತ್ರಗಳಲ್ಲಿ ಸ್ಥಳದಲ್ಲಿ ಆಡಿದ ಮಾತನ್ನು ಬಿಟ್ಟು ತಿಂಗಳುಗಳ ನಂತರ ಸ್ಟುಡಿಯೊದಲ್ಲಿ ತುಟಿಚಲನೆಗೆ ಹೊಂದಿಸಿ ಮತ್ತೆ ಮಾತನಾಡಬೇಕು. ಹಾಸ್ಯದ ಮಾತು ಅಲ್ಲಿ ಉಳಿಯಲೂಬಹುದು, ಸಾಯಲೂಬಹುದು. ಶೂಟಿಂಗ್‌ನಲ್ಲಿ ಸಪ್ಪೆ ಎನಿಸಿದ ನಿಮ್ಮ ಗೆಳೆಯನ ಪಾತ್ರಕ್ಕೆ ಡಬ್ಬಿಂಗ್ ಇನ್ನೂ ಬಾಕಿಯಿದ್ದರೆ ಆ ಅವಕಾಶವನ್ನು ಕೈಬಿಡಬೇಡಿ. ಮುಖ ಸುಮ್ಮನಿದ್ದು ದನಿ ಮಾತ್ರ ಸ್ವಲ್ಪ ತುಂಟತನ ತೋರಿದರೂ ದೃಶ್ಯ ಏಳುತ್ತದೆ. ಮೂಲದಲ್ಲಿ ನಿಲ್ಲಿಸಿದ ಕಡೆಯಲ್ಲೇ ನಿಲ್ಲಿಸಿ. ನಗುವಿಗೆ ಜಾಗ ಬಿಡುವ ಹಳೆಯ ಚಾಳಿಯನ್ನು ಅಲ್ಲಿ ಮರೆಯಿರಿ, ಏಕೆಂದರೆ ಎಷ್ಟು ಬಿಡುವು ಎಂಬುದನ್ನು ಇನ್ನು ಮುಂದೆ ತೀರ್ಮಾನಿಸುವವರು ಸಂಕಲನಕಾರರು.

ಪ್ರಶ್ನೆ: ನಮ್ಮ ಮಗ ಎಂಜಿನಿಯರಿಂಗ್ ಮುಗಿಸಿ ಒಳ್ಳೆಯ ಕೆಲಸದಲ್ಲಿದ್ದಾನೆ. ಮಿಮಿಕ್ರಿ, ಸ್ಟ್ಯಾಂಡ್‌ಅಪ್ ಎಂದು ಊರೂರು ತಿರುಗುತ್ತಾನೆ. ಈಗ ಕೆಲಸ ಬಿಟ್ಟು ಸಿನಿಮಾಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾನೆ. ನಾವು ತಡೆಯಬೇಕೇ, ಬಿಡಬೇಕೇ ತಿಳಿಯದಾಗಿದೆ. ಇದರಲ್ಲಿ ಬದುಕು ಕಟ್ಟಿಕೊಂಡವರು ನಿಜವಾಗಿ ಇದ್ದಾರೆಯೇ?
ಒಬ್ಬ ತಂದೆ, ತುಮಕೂರು

ಉತ್ತರ: ತಮ್ಮ ಆತಂಕ ಅರ್ಥವಾಗುತ್ತದೆ. ಕಟ್ಟಿಕೊಂಡವರು ಇದ್ದಾರೆ, ತಮ್ಮ ಜಿಲ್ಲೆಯಲ್ಲೇ ಇದ್ದರು. ತಿಪಟೂರಿನ ನರಸಿಂಹರಾಜು ಅವರು ವೃತ್ತಿ ನಾಟಕ ಕಂಪನಿಗಳಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರೊಡನೆ ತೆರೆಗೆ ಬಂದರು. ಆಗ ಸ್ಟ್ಯಾಂಡ್‌ಅಪ್ ಇರಲಿಲ್ಲ, ಆದರೆ ಜನರ ಮುಂದೆ ನಿಂತು ಪಳಗಿದವರು ಕ್ಯಾಮೆರಾದ ಮುಂದೆ ಬರುವ ದಾರಿ ನಮ್ಮ ನಾಡಿಗೆ ಹೊಸದೇನಲ್ಲ.

ತಮ್ಮ ಮಗನಿಗೆ ಹೆಚ್ಚು ಹತ್ತಿರದ ಉದಾಹರಣೆ ಜಾನಿ ಲಿವರ್. ಮುಂಬೈಯ ಹಿಂದೂಸ್ತಾನ್ ಲಿವರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವರು ಅಲ್ಲಿನ ಅಧಿಕಾರಿಗಳನ್ನು ಅನುಕರಿಸಿ ತೋರಿಸುತ್ತಿದ್ದರು, ಅವರ ಹೆಸರಿನಲ್ಲಿರುವ ‘ಲಿವರ್’ ಬಂದದ್ದು ಆ ಕಂಪನಿಯಿಂದಲೇ. ಕೆಲಸದಲ್ಲಿದ್ದುಕೊಂಡೇ ವೇದಿಕೆ ಕಾರ್ಯಕ್ರಮಗಳನ್ನು ಮಾಡುತ್ತ, ಅವು ಕೈತುಂಬ ಬರತೊಡಗಿದ ಮೇಲಷ್ಟೇ ನೌಕರಿ ಬಿಟ್ಟರು. ಅವರು ನಟಿಸಿದ, ಸುನಿಲ್ ದತ್ ಅವರ ‘ದರ್ದ್ ಕಾ ರಿಶ್ತಾ’ 1982ರಲ್ಲಿ ಬಂತು. ದೇಶದ ಜನಕ್ಕೆಲ್ಲ ಅವರ ಮುಖ ಪರಿಚಯವಾಗುವಂತೆ ಮಾಡಿದ ‘ಬಾಜಿಗರ್’ ಬಂದದ್ದು 1993ರಲ್ಲಿ. ಈ ಎರಡು ಇಸವಿಗಳ ನಡುವಿನ ದೂರವನ್ನು ಮಗನೊಂದಿಗೆ ಕೂತು ಮಾತನಾಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಅಷ್ಟು ಕಾಲ ಅವರನ್ನು ಹಿಡಿದು ನಿಲ್ಲಿಸಿದ್ದು ವೇದಿಕೆಯ ಸಂಪಾದನೆ.

ತಮಿಳಿನ ಶಿವಕಾರ್ತಿಕೇಯನ್ ಎಂಜಿನಿಯರಿಂಗ್ ಓದಿದವರು. ವಿಜಯ್ ಟಿವಿಯ ಹಾಸ್ಯ ಸ್ಪರ್ಧೆಯೊಂದರಲ್ಲಿ ಮಿಮಿಕ್ರಿ ಮಾಡಿ ಗುರುತಿಸಿಕೊಂಡು, ಅದೇ ವಾಹಿನಿಯಲ್ಲಿ ನಿರೂಪಕರಾಗಿ, 2012ರ ‘ಮರೀನಾ’ ಚಿತ್ರದ ಮೂಲಕ ನಾಯಕನಟರಾದರು. 2024ರ ‘ಅಮರನ್’ನಲ್ಲಿ ಅವರು ವೀರಮರಣ ಹೊಂದಿದ ಮೇಜರ್ ಮುಕುಂದ್ ವರದರಾಜನ್ ಅವರ ಪಾತ್ರವನ್ನು ಮಾಡಿದಾಗ ಅಲ್ಲಿ ಮಿಮಿಕ್ರಿಯ ನೆರಳೂ ಇರಲಿಲ್ಲ. ನಮ್ಮಲ್ಲಿಯೂ ‘ಕಾಮಿಡಿ ಕಿಲಾಡಿಗಳು’ ಕಾರ್ಯಕ್ರಮದಿಂದ ಬಂದ ಶಿವರಾಜ್ ಕೆ.ಆರ್. ಪೇಟೆ 2020ರ ‘ನಾನು ಮತ್ತು ಗುಂಡ’ದಲ್ಲಿ ಮುಖ್ಯ ಪಾತ್ರ ಮಾಡಿದರು, ಒಂದು ನಾಯಿಯ ಜೊತೆಗಿನ ಬಾಂಧವ್ಯದ ಕಥೆ ಅದು. ಇವರಿಬ್ಬರೂ ದಾಟಿ ಬಂದ ಮೆಟ್ಟಿಲುಗಳ ನಡುವೆ ಟೆಲಿವಿಷನ್ ಇತ್ತು ಎಂಬುದನ್ನು ಗಮನಿಸಿ. ನೇರವಾಗಿ ದೊಡ್ಡ ತೆರೆಗೆ ಹಾರಿದವರು ಬಹಳ ಕಡಿಮೆ.

ಹಾಗಾಗಿ ತಡೆಯಿರಿ ಎನ್ನಲಾರೆ, ಇವತ್ತೇ ರಾಜೀನಾಮೆ ಕೊಡಲಿ ಎಂದೂ ಹೇಳಲಾರೆ. ಅವನು ಮೊದಲು ನಟನೆ ಕಲಿಯಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಅಲ್ಲೇ ಉಳಿದು ಕಲಿಯುವ ಶಿಕ್ಷಣವಿದೆ. ಮೈಸೂರಿನ ರಂಗಾಯಣದಲ್ಲೂ, ಬೆಂಗಳೂರಿನಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರದಲ್ಲೂ ತರಬೇತಿ ದೊರೆಯುತ್ತದೆ. ಅಲ್ಲಿಗೆ ಹೋಗಲು ನೌಕರಿಯಿಂದ ದೀರ್ಘ ರಜೆ ಅಥವಾ ಬಿಡುಗಡೆ ಬೇಕಾಗುತ್ತದೆ, ಅದು ಅವನ ಮನಸ್ಸಿನ ಗಟ್ಟಿತನಕ್ಕೂ ಒಂದು ಪರೀಕ್ಷೆ. ಅಷ್ಟು ಸಾಧ್ಯವಿಲ್ಲದಿದ್ದರೆ ಯಾವುದಾದರೂ ಹವ್ಯಾಸಿ ತಂಡವನ್ನು ಸೇರಿ ಒಂದು ನಾಟಕದಲ್ಲಿ ಸಣ್ಣ ಪಾತ್ರ ಮಾಡಲಿ. ತಿಂಗಳುಗಟ್ಟಲೆ ತಾಲೀಮು ಮಾಡಿ, ಜನರನ್ನು ನಗಿಸುವ ಒಂದೇ ಒಂದು ಮಾತೂ ಇಲ್ಲದ ಪಾತ್ರದಲ್ಲಿ ಸಂತೋಷಪಡಬಲ್ಲನೇ ಎಂಬುದು ಅವನಿಗೇ ತಿಳಿಯುತ್ತದೆ.

ಪ್ರಶ್ನೆ: ನಾನು ಮೈಸೂರಿನವಳು, ದಪ್ಪ ಮೈಕಟ್ಟಿನವಳು. ನನ್ನ ಶೋನಲ್ಲಿ ನಾನೇ ಬರೆದ ಮಾತುಗಳಿಗೆ ಜನ ನಗುತ್ತಾರೆ, ನನ್ನ ಮೈಯನ್ನು ನೋಡಿ ಅಲ್ಲ. ಆದರೆ ಆಡಿಷನ್‌ಗೆ ಹೋದರೆ ಸಿಗುವುದು ನಾಯಕಿಯ ಗೆಳತಿ, ಇಲ್ಲವೇ ಸದಾ ತಿನ್ನುತ್ತಿರುವ ಹೆಂಗಸು. ಇಂಥ ಪಾತ್ರಗಳನ್ನು ಒಪ್ಪಿಕೊಳ್ಳಬೇಕೇ?
ಒಬ್ಬ ಓದುಗಿ, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಓದಿ ನನಗೆ ಬೇಸರವಾಯಿತು, ಕೋಪವೂ ಬಂತು. ನಮ್ಮ ಚಿತ್ರರಂಗ ಹಾಸ್ಯ ಕಲಾವಿದೆಯರನ್ನು ಬಹಳ ಕಾಲದಿಂದ ಹೀಗೆಯೇ ಬಳಸಿಕೊಂಡಿದೆ. ಉಮಾಶ್ರೀ ಅವರನ್ನು ನೆನೆಯಿರಿ. ದೇವನೂರ ಮಹಾದೇವ ಅವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನಾಗಿ ನಾಡನ್ನೇ ಬೆರಗುಗೊಳಿಸಿದ ಆ ನಟಿಗೆ ಸಿನಿಮಾ ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಮಾತುಗಳ ಹಾಸ್ಯ ಪಾತ್ರಗಳನ್ನು. ಗಿರೀಶ್ ಕಾಸರವಳ್ಳಿ ಅವರ 2008ರ ‘ಗುಲಾಬಿ ಟಾಕೀಸ್’ನಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಹೊಸ ನಟಿಯೊಬ್ಬಳು ಹುಟ್ಟಲಿಲ್ಲ, ಅಷ್ಟು ದಿನ ಇದ್ದವಳೇ ಎಲ್ಲರ ಕಣ್ಣಿಗೆ ಬಿದ್ದಳು.

ಸ್ಟ್ಯಾಂಡ್‌ಅಪ್ ಕಲಾವಿದೆಗೆ ಅವರಿಗಿಲ್ಲದ ಒಂದು ಅನುಕೂಲವಿದೆ: ನೀವು ಬರೆಯಬಲ್ಲಿರಿ. ಬೆಂಗಳೂರಿನ ಕಾಮಿಡಿ ವಲಯದಲ್ಲಿ ಬೆಳೆದ ಸುಮುಖಿ ಸುರೇಶ್, ತಮಗಾಗಿ ಯಾರೋ ಪಾತ್ರ ಬರೆಯಲಿ ಎಂದು ಕಾಯದೆ, ‘ಪುಷ್ಪವಲ್ಲಿ’ ಎಂಬ ವೆಬ್ ಸರಣಿಯನ್ನು ತಾವೇ ರೂಪಿಸಿ ಮುಖ್ಯ ಪಾತ್ರ ಮಾಡಿದರು. 2017ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಅದಕ್ಕೆ 2020ರಲ್ಲಿ ಎರಡನೆಯ ಭಾಗವೂ ಬಂತು. ತಾನು ಮನಸೋತ ಗಂಡಸಿನ ಬೆನ್ನುಹತ್ತಿ ಬೆಂಗಳೂರಿಗೆ ಬಂದು, ಅವನಿಗೆ ಗೊತ್ತಾಗದಂತೆ ಅವನ ಬದುಕಿನೊಳಗೆ ನುಸುಳುವ ಹೆಣ್ಣಿನ ಕಥೆ ಅದು. ಆ ಹೆಣ್ಣು ಸುಳ್ಳು ಹೇಳುತ್ತಾಳೆ, ಇತರರಿಗೆ ಕೇಡು ಮಾಡುತ್ತಾಳೆ, ನಮಗೆ ಸಿಟ್ಟು ಬರಿಸುತ್ತಾಳೆ, ಆದರೂ ಅವಳನ್ನು ಬಿಟ್ಟು ನೋಟ ತೆಗೆಯಲಾಗುವುದಿಲ್ಲ. ತನ್ನ ಮೈಯಿಂದಾಗಿ ಲೋಕ ತನ್ನನ್ನು ಹೇಗೆ ಕಾಣುತ್ತದೆ ಎಂಬುದನ್ನು ಅವಳು ಬಲ್ಲಳು, ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ನಾಯಕಿಯ ಗೆಳತಿಯ ಪಾತ್ರ ಬರೆಯುವವರು ಇಂಥ ಹೆಣ್ಣನ್ನು ಊಹಿಸಿಕೊಳ್ಳಲಾರರು. ಊಹಿಸಿಕೊಳ್ಳಬಲ್ಲವರು ನೀವು.

ಪಾತ್ರವನ್ನು ಒಪ್ಪಬೇಕೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯ ಹೀಗಿದೆ. ದೃಶ್ಯದಲ್ಲಿ ಆ ಹೆಂಗಸಿಗೆ ಏನಾದರೂ ಬೇಕಾಗಿದೆಯೇ, ಅವಳು ಒಂದು ತೀರ್ಮಾನವನ್ನಾದರೂ ತೆಗೆದುಕೊಳ್ಳುತ್ತಾಳೆಯೇ ಎಂದು ನೋಡಿ. ಇದ್ದರೆ, ಸಣ್ಣದಾದರೂ ಒಪ್ಪಿಕೊಳ್ಳಿ, ಸೆಟ್ಟಿನ ಅನುಭವ ಬೇರೆಲ್ಲೂ ಸಿಗುವುದಿಲ್ಲ. ಅವಳು ಇರುವುದೇ ಇನ್ನೊಬ್ಬರ ಅಣಕಕ್ಕಾಗಿ ಎಂದಾದರೆ ಬಿಡಿ. ಜೊತೆಗೆ ಹತ್ತು ನಿಮಿಷದ ಒಂದು ಕಿರುಚಿತ್ರ ಬರೆಯಿರಿ, ಮುಖ್ಯ ಪಾತ್ರ ನಿಮ್ಮದೇ ಆಗಿರಲಿ, ಅದರಲ್ಲಿ ಒಂದು ದೃಶ್ಯವಾದರೂ ನಗುವಿಲ್ಲದ್ದಾಗಿರಲಿ. ಕಾಸ್ಟಿಂಗ್ ಮಾಡುವವರಿಗೆ ನಿಮ್ಮ ಶೋನ ತುಣುಕಿನ ಜೊತೆ ಅದನ್ನೂ ಕಳಿಸಿ. ಶೋನ ತುಣುಕು ನಿಮ್ಮ ಮಾತಿನ ಶಕ್ತಿಯನ್ನಷ್ಟೇ ತೋರಿಸುತ್ತದೆ, ನೀವು ಬೇರೊಬ್ಬಳಾಗಬಲ್ಲಿರಿ ಎಂಬುದನ್ನು ತೋರಿಸುವುದಿಲ್ಲ.

ಆಡಿಷನ್ ವಿಡಿಯೊ ಮನೆಯಲ್ಲೇ ಮಾಡಿ ಕಳಿಸುವುದು ಈಗ ರೂಢಿಯಾಗಿರುವುದರಿಂದ ಒಂದು ಮಾತು. ಬಣ್ಣ ಮಾಸಿದರೂ ಸರಿ, ಬರಿಯ ಗೋಡೆಯ ಮುಂದೆ ನಿಲ್ಲಿ. ಕಿಟಕಿಯ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಫೋನನ್ನು ಅಡ್ಡಲಾಗಿ ಇಡಿ. ಎದುರಿನ ಪಾತ್ರದ ಮಾತನ್ನು ಓದಿಹೇಳಲು ಒಬ್ಬರನ್ನು ಲೆನ್ಸಿನ ಪಕ್ಕದಲ್ಲೇ ನಿಲ್ಲಿಸಿ ಅವರನ್ನು ನೋಡಿ ಮಾತನಾಡಿ, ಲೆನ್ಸನ್ನು ನೋಡಬೇಡಿ. ವೇದಿಕೆಯವರೆಲ್ಲ ತಪ್ಪುವುದು ಇಲ್ಲಿ: ಲೆನ್ಸೇ ಪ್ರೇಕ್ಷಕ ಎಂದು ನೇರವಾಗಿ ಅದರೊಡನೆ ಮಾತಿಗಿಳಿಯುತ್ತಾರೆ.

ಪ್ರಶ್ನೆ: ನಾನು ಇನ್‌ಸ್ಟಾಗ್ರಾಂನಲ್ಲಿ ಮಂಗಳೂರಿನ ಅಂಗಡಿ ಮಾಲೀಕನೊಬ್ಬನ ಪಾತ್ರ ಮಾಡುತ್ತೇನೆ, ಬಹಳ ಜನಪ್ರಿಯವಾಗಿದೆ. ಒಂದು ನಿರ್ಮಾಣ ಸಂಸ್ಥೆ ಅದೇ ಪಾತ್ರದಿಂದ ವೆಬ್ ಸರಣಿ ಮಾಡೋಣ ಎನ್ನುತ್ತಿದೆ. ಇನ್ನೊಂದು ಕಡೆಯವರು ಸಿನಿಮಾದಲ್ಲಿ ಪಾತ್ರ ಕೊಡುತ್ತೇವೆ, ನೋಂದಣಿಗೆ ಹಣ ಕಟ್ಟಿ ಎಂದಿದ್ದಾರೆ. ಸಲಹೆ ಕೊಡಿ.
ಒಬ್ಬ ಓದುಗ, ಮಂಗಳೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಟನಿಗೆ ಹಣ ಕೊಡುವುದು ನಿರ್ಮಾಪಕರ ಕೆಲಸ, ನಟನಿಂದ ಪಡೆಯುವುದಲ್ಲ.

ಮೊದಲನೆಯದು ಒಳ್ಳೆಯ ಸುದ್ದಿ. ಬೆಂಗಳೂರಿನ ರೇಡಿಯೊದಲ್ಲಿ ದಾನಿಶ್ ಸೇಠ್ ಜನರಿಗೆ ಫೋನು ಮಾಡಿ ಕಾಡುತ್ತಿದ್ದಾಗ ಹುಟ್ಟಿದ ಪಾತ್ರಗಳಲ್ಲಿ ನೋಗ್‌ರಾಜ್ ಒಬ್ಬ. ಆ ಪಾತ್ರ 2018ರಲ್ಲಿ ‘ಹಂಬಲ್ ಪೊಲಿಟಿಷಿಯನ್ ನೋಗ್‌ರಾಜ್’ ಚಿತ್ರವಾಯಿತು, 2022ರಲ್ಲಿ ವೆಬ್ ಸರಣಿಯೂ ಆಯಿತು. ಆದರೆ ಅವರು ಆ ಪಾತ್ರಕ್ಕೆ ಅಂಟಿಕೊಂಡು ಕೂರಲಿಲ್ಲ. ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ ನಿರ್ಮಿಸಿ, ಪನ್ನಗ ಭರಣ ನಿರ್ದೇಶಿಸಿದ 2020ರ ‘ಫ್ರೆಂಚ್ ಬಿರಿಯಾನಿ’ಯಲ್ಲಿ ಶಿವಾಜಿನಗರದ ಆಟೊ ಚಾಲಕನಾದರು. 2024ರಲ್ಲಿ ಮಲಯಾಳದ ‘ಮಲೈಕೋಟೈ ವಾಲಿಬನ್’ನಲ್ಲಿ ಮೋಹನ್‌ಲಾಲ್ ಅವರೊಡನೆ, ತಮ್ಮದಲ್ಲದ ಭಾಷೆಯಲ್ಲಿ, ಹಾಸ್ಯಕ್ಕೆ ಬೆನ್ನು ತಿರುಗಿಸಿದ ಪಾತ್ರವೊಂದನ್ನು ಮಾಡಿದರು. ಈ ಸಾಲನ್ನು ಗಮನಿಸಿ: ತಾವೇ ಸೃಷ್ಟಿಸಿದ ಪಾತ್ರ, ಆಮೇಲೆ ತಮ್ಮ ಊರಿನ ಇನ್ನೊಬ್ಬ ಮನುಷ್ಯ, ಆಮೇಲೆ ತೀರ ಹೊರಗಿನವನು.

ಒಪ್ಪಂದದ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿ ಮಾಲೀಕನ ಮಾತುಗಳನ್ನು, ಪಾತ್ರದ ವಿವರಗಳನ್ನು ಬರೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಮನಸ್ಸಿನಲ್ಲಿರುವ ಕಲ್ಪನೆಗೆ ಕಾನೂನಿನ ರಕ್ಷಣೆಯಿಲ್ಲ, ಬರಹಕ್ಕೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿ ಇರಬೇಕು. ಕಾಲವನ್ನು ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತ ಎಂದೂ ಕಾನೂನು ತಿಳಿದುಕೊಳ್ಳುತ್ತದೆ. ಆದ್ದರಿಂದಲೇ ಕರಡು ಒಪ್ಪಂದಗಳಲ್ಲಿ "ಶಾಶ್ವತವಾಗಿ, ಇಡೀ ಜಗತ್ತಿಗೆ" ಎಂಬ ಮಾತನ್ನು ಸೇರಿಸಿರುತ್ತಾರೆ. ಪಾತ್ರವನ್ನೇ ಶಾಶ್ವತವಾಗಿ ಬರೆದುಕೊಟ್ಟರೆ ನಾಳೆ ನಿಮ್ಮದೇ ಶೋನಲ್ಲಿ ಆ ಮಾಲೀಕನನ್ನು ಕರೆತರಲು ಅನುಮತಿ ಕೇಳಬೇಕಾದೀತು. ಸರಣಿಗೆ ಮಾತ್ರ ಪರವಾನಗಿ ಕೊಡಿ, ವೇದಿಕೆಯ ಹಕ್ಕು ನಿಮ್ಮಲ್ಲೇ ಇರಲಿ, ಬೇರೊಬ್ಬ ನಟನಿಂದ ಆ ಪಾತ್ರ ಮಾಡಿಸುವುದಾದರೆ ನಿಮ್ಮ ಒಪ್ಪಿಗೆ ಬೇಕೆಂದು ಬರೆಸಿ. ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ, ಆ ಖರ್ಚಿಗೆ ಹಿಂಜರಿಯಬೇಡಿ.

ಪ್ರಶ್ನೆ: ಸಿನಿಮಾದಲ್ಲಿ ನೆಲೆಯಾದ ಮೇಲೆ ಸ್ಟ್ಯಾಂಡ್‌ಅಪ್ ಬಿಡಬೇಕಾಗುತ್ತದೆಯೇ? ಹಾಸ್ಯನಟ ಎಂಬ ಮುದ್ರೆ ಒತ್ತಿಬಿಟ್ಟರೆ ಗಂಭೀರ ಪಾತ್ರ ಯಾರು ಕೊಡುತ್ತಾರೆ?
ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಮುದ್ರೆ ಬೀಳುತ್ತದೆ, ಅದನ್ನು ಅಳಿಸಲು ಕೆಲವು ವರ್ಷ ಬೇಕಾಗುತ್ತದೆ. ಕಪಿಲ್ ಶರ್ಮಾ 2007ರಲ್ಲಿ ‘ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಗೆದ್ದು, 2013ರಿಂದ ತಮ್ಮದೇ ಕಾರ್ಯಕ್ರಮದಿಂದ ದೇಶದ ಮನೆ ಮನೆಗೂ ಬಂದವರು. 2015ರಲ್ಲಿ ಅವರ ಮೊದಲ ಚಿತ್ರ ಹಾಸ್ಯಚಿತ್ರವೇ ಆಗಿತ್ತು. ನಂದಿತಾ ದಾಸ್ ಅವರ ‘ಜ್ವಿಗಾಟೊ’ದಲ್ಲಿ ಕೆಲಸ ಕಳೆದುಕೊಂಡು ಭುವನೇಶ್ವರದ ಬೀದಿಗಳಲ್ಲಿ ಊಟದ ಪೊಟ್ಟಣ ತಲುಪಿಸುವವನ ಪಾತ್ರ ಅವರಿಗೆ ಸಿಕ್ಕಿ, ಅದು ಚಿತ್ರಮಂದಿರಕ್ಕೆ ಬಂದದ್ದು 2023ರಲ್ಲಿ. ಆ ಚಿತ್ರ ಹೆಚ್ಚು ಜನ ನೋಡಿದ್ದಲ್ಲ, ಆದರೆ ಗ್ರಾಹಕರು ಕೊಡುವ ರೇಟಿಂಗಿಗಾಗಿ ಫೋನಿನ ಪರದೆಯನ್ನು ಮತ್ತೆ ಮತ್ತೆ ನೋಡುವ ಆ ದಣಿದ ಮುಖದಲ್ಲಿ ನಮಗೆ ಗೊತ್ತಿದ್ದ ಕಪಿಲ್ ಕಾಣುವುದಿಲ್ಲ. ಹೀಗೆ ಒಬ್ಬ ನಿರ್ದೇಶಕ ಅಥವಾ ನಿರ್ದೇಶಕಿ ನಂಬಬೇಕು, ಆ ನಂಬಿಕೆ ಬರುವ ಹೊತ್ತಿಗೆ ನೀವು ಸಿದ್ಧರಿರಬೇಕು.

ಸ್ಟ್ಯಾಂಡ್‌ಅಪ್ ಬಿಡಬೇಕಾಗಿಲ್ಲ, ನನ್ನನ್ನು ಕೇಳಿದರೆ ಬಿಡಲೇಬಾರದು. ವೀರ್ ದಾಸ್ 2011ರ ‘ಡೆಲ್ಲಿ ಬೆಲ್ಲಿ’, 2013ರ ‘ಗೋ ಗೋವಾ ಗಾನ್’ ಚಿತ್ರಗಳಲ್ಲಿ ನಟಿಸಿದರೂ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ತಂದುಕೊಟ್ಟದ್ದು ‘ಲ್ಯಾಂಡಿಂಗ್’ ಎಂಬ ಸ್ಟ್ಯಾಂಡ್‌ಅಪ್ ಕಾರ್ಯಕ್ರಮ. ಸಿನಿಮಾದಲ್ಲಿ ಯಾವ ಪಾತ್ರ ಬರುತ್ತದೆ, ಯಾವಾಗ ಬಿಡುಗಡೆಯಾಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಒಂದು ಚಿತ್ರ ಪೆಟ್ಟಿಗೆಯಲ್ಲೇ ಉಳಿದರೆ ಎರಡು ವರ್ಷದ ದುಡಿಮೆ ಯಾರಿಗೂ ಕಾಣದೇ ಹೋಗಬಹುದು. ವೇದಿಕೆಯಲ್ಲಾದರೆ ಇವತ್ತು ಬರೆದದ್ದನ್ನು ಈ ಶನಿವಾರವೇ ಹೇಳಬಹುದು. ಲೋಲ್‌ಬಾಗ್‌ನಂಥ ತಂಡಗಳಿಂದಾಗಿ ಕನ್ನಡದಲ್ಲಿ ಅದಕ್ಕೆ ಈಗ ಟಿಕೆಟ್ ಕೊಂಡು ಬರುವ ಪ್ರೇಕ್ಷಕರೂ ಇದ್ದಾರೆ.

ತಾರೀಖುಗಳ ಹೊಂದಾಣಿಕೆಯೇ ನಿಜವಾದ ತೊಡಕು. ಶೂಟಿಂಗ್ ನಡೆಯುವ ದಿನಗಳಲ್ಲಿ ರಾತ್ರಿ ಶೋ ಒಪ್ಪಿಕೊಳ್ಳಬೇಡಿ. ಗಂಟಲು ಕಟ್ಟುತ್ತದೆ, ಬೆಳಗಿನ ಹೊತ್ತು ಮುಖ ದಣಿದಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ರಾತ್ರಿಯ ಏರುದನಿ ಮರುದಿನದ ದೃಶ್ಯದೊಳಕ್ಕೆ ಬಂದುಬಿಡುತ್ತದೆ. ಎರಡು ಚಿತ್ರಗಳ ನಡುವೆ ಒಂದೆರಡು ತಿಂಗಳನ್ನು ವೇದಿಕೆಗೆಂದೇ ಮೀಸಲಿಡಿ. ಮೇಲೆ ಹೇಳಿದ ರಾಬಿನ್ ವಿಲಿಯಮ್ಸ್ ಆಸ್ಕರ್ ಬಂದ ಮೇಲೂ ವೇದಿಕೆಗೆ ಮರಳಿದರು. 2002ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅವರು ಒಬ್ಬರೇ ನಿಂತು ಬೆವರು ಸುರಿಸಿ ನಗಿಸಿದ ಕಾರ್ಯಕ್ರಮ ನೇರಪ್ರಸಾರವಾಯಿತು. ‘ಇನ್ಸೋಮ್ನಿಯಾ’ದ ಕೊಲೆಗಾರನಾಗಿ, ‘ಒನ್ ಅವರ್ ಫೋಟೊ’ದಲ್ಲಿ ಒಂದು ಕುಟುಂಬದ ಬೆನ್ನುಬಿದ್ದ ಒಂಟಿ ಮನುಷ್ಯನಾಗಿ ಅವರು ಪ್ರೇಕ್ಷಕರ ಎದುರಿಗೆ ಬಂದದ್ದೂ ಅದೇ ವರ್ಷ.